ಡೋಂಟ್, ಐಲ್, ಇಟ್ಸ್: ಇಂಗ್ಲಿಷ್ ಕಾಂಟ್ರಾಕ್ಷನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಕಲಿಯುತ್ತಿರುವವರು, ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು, ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ. ಇಂಗ್ಲಿಷ್ ಪದಗಳನ್ನು ಕನ್ನಡದಲ್ಲೇ ಬರೆದಿದ್ದೇನೆ, ಸ್ಪೆಲಿಂಗ್ ಮುಖ್ಯವಾದ ಕಡೆ ಅಕ್ಷರ ಬಿಡಿಸಿ ಹೇಳಿದ್ದೇನೆ.

## ಶುರುವಿನ ಪ್ರಶ್ನೆಗಳು

ಕಾಂಟ್ರಾಕ್ಷನ್ ಅಂದ್ರೆ ಏನು? ಶಾರ್ಟ್ ಫಾರ್ಮ್ ಅಂತಾರಲ್ಲ, ಅದೇನಾ?

ಪೂರ್ತಿ ಅದೇ ಅಲ್ಲ. ಡಾಕ್ಟರ್ ಅನ್ನುವುದನ್ನು ಡಿ, ಆರ್ ಎಂದು ಎರಡೇ ಅಕ್ಷರದಲ್ಲಿ ಬರೆಯುತ್ತೇವೆ, ಆದರೆ ಓದುವಾಗ 'ಡಾಕ್ಟರ್' ಅಂತಲೇ ಓದುತ್ತೇವೆ. ಅಲ್ಲಿ ಚಿಕ್ಕದಾಗಿದ್ದು ಬರವಣಿಗೆ ಮಾತ್ರ. ಕಾಂಟ್ರಾಕ್ಷನ್‌ನಲ್ಲಿ ಮೊದಲು ಚಿಕ್ಕದಾಗುವುದು ಉಚ್ಚಾರಣೆ. 'ಡು ನಾಟ್' ಎರಡು ಪದ, ಬಾಯಲ್ಲಿ ಬೆರೆತು 'ಡೋಂಟ್' ಆಯಿತು, ಬರವಣಿಗೆ ಅದರ ಹಿಂದೆ ಬಂತು. ನಮಗೆ ಇದು ಹೊಸದೇನಲ್ಲ. 'ಊರು' ಮತ್ತು 'ಅಲ್ಲಿ' ಸೇರಿ 'ಊರಲ್ಲಿ' ಆಗುವಾಗ ಒಂದು ಉಕಾರ ಬಿದ್ದುಹೋಗುತ್ತದೆ, ಅದನ್ನು ಲೋಪಸಂಧಿ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಕನ್ನಡದಲ್ಲಿ ಬಿದ್ದ ಅಕ್ಷರಕ್ಕೆ ಗುರುತು ಇಡುವುದಿಲ್ಲ, ಇಂಗ್ಲಿಷಿನಲ್ಲಿ ಇಡುತ್ತಾರೆ. ಆ ಗುರುತೇ ಅಪಾಸ್ಟ್ರಫಿ, ತುಂಬಾ ಜನ 'ಮೇಲಿನ ಕಾಮಾ' ಅನ್ನುತ್ತಾರಲ್ಲ, ಅದು.

ಒಟ್ಟು ಎಷ್ಟಿವೆ? ಎಲ್ಲಾ ಬಾಯಿಪಾಠ ಮಾಡಬೇಕಾ?

ಬೇಡ. ಉದ್ದ ಪಟ್ಟಿ ನೋಡಿ ಹೆದರುವವರೇ ಜಾಸ್ತಿ, ಆದರೆ ಆ ಪಟ್ಟಿಯ ಹಿಂದೆ ಇರುವುದು ಏಳೇ ಬಾಲಗಳು. 'ಆ್ಯಮ್' ಇದ್ದಲ್ಲಿ ಎಮ್. 'ಆರ್' ಇದ್ದಲ್ಲಿ ಆರ್, ಇ. 'ಈಸ್' ಅಥವಾ 'ಹ್ಯಾಸ್' ಇದ್ದಲ್ಲಿ ಎಸ್. 'ಹ್ಯಾವ್' ಇದ್ದಲ್ಲಿ ವಿ, ಇ. 'ವಿಲ್' ಇದ್ದಲ್ಲಿ ಎರಡು ಎಲ್. 'ಹ್ಯಾಡ್' ಅಥವಾ 'ವುಡ್' ಇದ್ದಲ್ಲಿ ಡಿ. ಈ ಆರಕ್ಕೂ ಮುಂದೆ ಅಪಾಸ್ಟ್ರಫಿ ಬರುತ್ತದೆ. ಏಳನೆಯದು 'ನಾಟ್' ಕುಗ್ಗಿ ಆದ ಎನ್, ಟಿ, ಇದರಲ್ಲಿ ಅಪಾಸ್ಟ್ರಫಿ ನಡುವೆ ಕೂರುತ್ತದೆ. ಈ ಏಳು ಗೊತ್ತಾದರೆ ದಿನನಿತ್ಯದ ಇಂಗ್ಲಿಷಿನ ಹೆಚ್ಚುಕಡಿಮೆ ಎಲ್ಲಾ ಚಿಕ್ಕ ರೂಪಗಳನ್ನೂ ನೀವೇ ಬಿಡಿಸಬಹುದು. 'ಲೆಟ್ಸ್' ಒಂದನ್ನು ಮಾತ್ರ ಬೇರೆಯಾಗಿ ನೆನಪಿಡಿ. ಅಲ್ಲಿರುವ ಎಸ್ 'ಅಸ್' ಎಂಬುದರ ಉಳಿಕೆ, 'ಲೆಟ್ ಅಸ್ ಗೋ' ಎಂಬುದೇ 'ಲೆಟ್ಸ್ ಗೋ'.

ಅಪಾಸ್ಟ್ರಫಿ ಸುಮ್ನೆ ಬಿಟ್ಟುಬಿಟ್ರೆ ಏನಾಗುತ್ತೆ? ಚಾಟ್‌ನಲ್ಲಿ ಯಾರೂ ಹಾಕಲ್ವಲ್ಲ.

ಗೆಳೆಯರ ಚಾಟ್‌ನಲ್ಲಿ ಏನೂ ಆಗುವುದಿಲ್ಲ. ಬೇರೆ ಕಡೆ ಕಷ್ಟ, ಯಾಕೆಂದರೆ ಕೆಲವು ಕಡೆ ಆ ಗುರುತು ಬಿಟ್ಟರೆ ಉಳಿಯುವುದು ಬೇರೊಂದು ಪದ. 'ವಿ ವಿಲ್' ಚಿಕ್ಕದಾದದ್ದು 'ವೆಲ್' ಆಗಿ ಬಾವಿಯಾಗುತ್ತದೆ, ಅಥವಾ ಚೆನ್ನಾಗಿ ಎಂಬ ಅರ್ಥ ಬರುತ್ತದೆ. 'ಶಿ ವಿಲ್' ಹೋಗಿ ಚಿಪ್ಪು, 'ಐ ವಿಲ್' ಹೋಗಿ ಕಾಯಿಲೆ, 'ಹಿ ವಿಲ್' ಹೋಗಿ ನರಕ. 'ವಿ ಆರ್' ಹೋಗಿ 'ವರ್', ಅಂದರೆ ಈಗ ಇದ್ದೇವೆ ಎಂಬುದು ಆಗ ಇದ್ದೆವು ಎಂದಾಗುತ್ತದೆ. ಇವುಗಳನ್ನು ಫೋನ್ ಯಾವಾಗಲೂ ಸರಿಮಾಡುವುದಿಲ್ಲ, ಅದಕ್ಕೆ ಅವೂ ಸರಿಯಾದ ಪದಗಳೇ. ಡೋಂಟ್, ಡಿಡಂಟ್ ತರಹದವನ್ನು ಫೋನ್ ತಾನೇ ತಿದ್ದುತ್ತದೆ, ಅವುಗಳ ಚಿಂತೆ ಕಡಿಮೆ.

ಎರಡು 'ಇಟ್ಸ್' ಇವೆಯಲ್ಲ, ಒಂದಕ್ಕೆ ಅಪಾಸ್ಟ್ರಫಿ ಇದೆ, ಇನ್ನೊಂದಕ್ಕೆ ಇಲ್ಲ. ಯಾವಾಗಲೂ ಗೊಂದಲ ಆಗುತ್ತೆ.

ನೀವೊಬ್ಬರೇ ಅಲ್ಲ. 1787ರಲ್ಲಿ ಕೈಯಲ್ಲಿ ಬರೆದ ಅಮೆರಿಕದ ಸಂವಿಧಾನದಲ್ಲೇ 'ಅದರ' ಎಂಬ ಅರ್ಥದ 'ಇಟ್ಸ್'ಗೆ ಒಂದು ಕಡೆ ಅಪಾಸ್ಟ್ರಫಿ ಇದೆ. ಆ ಕಾಲದಲ್ಲಿ ಹಾಗೂ ಬರೆಯುತ್ತಿದ್ದರು, ಈಗ ಅದು ತಪ್ಪು. ಗೊಂದಲಕ್ಕೆ ಕಾರಣವೂ ಇದೆ. ರಾಮನ, ಸೀತೆಯ ಎಂದು ಬರೆಯುವಾಗ ಹೆಸರಿಗೆ ಅಪಾಸ್ಟ್ರಫಿ, ಎಸ್ ಹಾಕುತ್ತೇವೆ, ಹಾಗಾಗಿ 'ಅದರ' ಅನ್ನುವುದಕ್ಕೂ ಹಾಕಬೇಕು ಅನ್ನಿಸುವುದು ಸಹಜ. ಆದರೆ 'ಹಿಸ್', 'ಹರ್ಸ್', 'ಅವರ್ಸ್' ಯಾವುದಕ್ಕೂ ಅಪಾಸ್ಟ್ರಫಿ ಇಲ್ಲ, 'ಅದರ' ಎಂಬ 'ಇಟ್ಸ್' ಇವರ ಕುಟುಂಬದ್ದು. ಬರೆಯುವ ಮುಂಚೆ ಆ ಜಾಗದಲ್ಲಿ 'ಇಟ್ ಈಸ್' ಅಥವಾ 'ಇಟ್ ಹ್ಯಾಸ್' ಎಂದು ಬಿಡಿಸಿ ಓದಿ. ವಾಕ್ಯ ನಿಂತರೆ ಅಪಾಸ್ಟ್ರಫಿ ಹಾಕಿ, ನಿಲ್ಲದಿದ್ದರೆ ಬೇಡ. 'ನಿಮ್ಮ' ಎಂಬ 'ಯುವರ್', 'ಯಾರ' ಎಂಬ 'ಹೂಸ್', 'ಅವರ' ಎಂಬ 'ದೇರ್', ಇವುಗಳಿಗೂ ಇದೇ ಪರೀಕ್ಷೆ ಸಾಕು.

ನಮ್ಮ ಮೇಷ್ಟ್ರು 'ಐ ಆ್ಯಮ್', 'ಡು ನಾಟ್' ಅಂತ ಪೂರ್ತಿಯಾಗಿ ಹೇಳಿಕೊಟ್ಟಿದ್ದಾರೆ. ಹಾಗೇ ಮಾತಾಡಿದ್ರೆ ತಪ್ಪಾ?

ವ್ಯಾಕರಣದ ತಪ್ಪು ಖಂಡಿತ ಅಲ್ಲ. ಆದರೆ ಕೇಳುವವರಿಗೆ ಬೇರೆ ಭಾವ ತಲುಪುತ್ತದೆ. ಚಿಕ್ಕ ರೂಪವೇ ಮಾತಿನ ಸಾಮಾನ್ಯ ರೂಪವಾಗಿರುವುದರಿಂದ, ಪೂರ್ತಿ ರೂಪ ಬಂದಾಗ ಇವರು ಒತ್ತಿ ಹೇಳುತ್ತಿದ್ದಾರೆ ಅನ್ನಿಸುತ್ತದೆ. 'ಐ ಡೋಂಟ್ ವಾಂಟ್ ಟೀ' ಅಂದರೆ 'ಟೀ ಬೇಡ' ಅಷ್ಟೇ. 'ಐ ಡು ನಾಟ್ ವಾಂಟ್ ಟೀ' ಅಂದರೆ 'ಬೇಡ ಅಂದ್ನಲ್ಲ' ಎಂಬ ಧ್ವನಿ ಬರುತ್ತದೆ. ಸಭ್ಯವಾಗಿ ಮಾತಾಡಬೇಕು ಅಂತಲೇ ಪೂರ್ತಿ ರೂಪ ಬಳಸಿದವರು ಸಿಟ್ಟಾಗಿದ್ದಾರೆ ಎಂದು ಎದುರಿನವರು ತಿಳಿದುಕೊಳ್ಳುವುದು ಇದರಿಂದಲೇ. ಮೇಷ್ಟ್ರು ಹೇಳಿಕೊಟ್ಟಿದ್ದು ಸುಳ್ಳಲ್ಲ, ಬರೆಯುವ ಇಂಗ್ಲಿಷನ್ನು ಅವರು ಹೇಳಿಕೊಟ್ಟರು. ಮಾತಿನ ಇಂಗ್ಲಿಷನ್ನು ಅದರ ಪಕ್ಕದಲ್ಲಿ ಸೇರಿಸಿಕೊಳ್ಳಬೇಕು. ನನ್ನ ಸಲಹೆ ಇಷ್ಟು: ಮೊದಲು ಕೇಳಿ ಗುರುತಿಸಲು ಕಲಿಯಿರಿ, ಆಮೇಲೆ ಬಾಯಿಗೆ ತನ್ನಿ, ಬರೆಯುವುದು ಕೊನೆಗೆ.

## ಕೇಳುವಾಗ, ಮಾತಾಡುವಾಗ

ಫೋನ್‌ನಲ್ಲಿ ಅವರು 'ಕ್ಯಾನ್' ಅಂದ್ರಾ 'ಕಾಂಟ್' ಅಂದ್ರಾ ಗೊತ್ತೇ ಆಗಲ್ಲ. ಏನು ಮಾಡಲಿ?

ಬೆಂಗಳೂರಿನಲ್ಲಿ ಕೂತು ಅಮೆರಿಕದವರ ಜೊತೆ ಕೆಲಸ ಮಾಡುವವರಿಗೆಲ್ಲ ಈ ತೊಂದರೆ ಗೊತ್ತು. ಆಗುತ್ತದೆ, ಆಗುವುದಿಲ್ಲ ಎಂಬ ಎರಡೂ ಕಿವಿಗೆ ಒಂದೇ ತರಹ ಬಿದ್ದರೆ ಕೆಲಸ ಹೇಗೆ ನಡೆಯಬೇಕು? ನಾವು ಮಾಡುವ ತಪ್ಪು ಕೊನೆಯ 'ಟ್' ಶಬ್ದಕ್ಕಾಗಿ ಕಾಯುವುದು. ಅಮೆರಿಕದವರು ಅದನ್ನು ಗಂಟಲಲ್ಲೇ ತಡೆದುಬಿಡುತ್ತಾರೆ, ಅದು ಕೇಳಿಸುವುದೇ ಇಲ್ಲ. ಸ್ವರವನ್ನು ಕೇಳಿ. ಹೌದು ಎಂಬ ಅರ್ಥದ 'ಕ್ಯಾನ್' ವಾಕ್ಯದ ನಡುವೆ ಬಂದಾಗ ಕುಗ್ಗಿ 'ಕನ್' ಆಗುತ್ತದೆ, ಒತ್ತು ಮುಂದಿನ ಕ್ರಿಯಾಪದದ ಮೇಲೆ ಬೀಳುತ್ತದೆ: 'ಐ ಕನ್ ಕಮ್'. ಇಲ್ಲ ಎಂಬ ಅರ್ಥದ್ದಕ್ಕೆ ತಾನೇ ಒತ್ತು ಇರುತ್ತದೆ, 'ಕ್ಯಾನ್' ಎಂಬ ಸ್ವರ ಪೂರ್ತಿ ಕೇಳುತ್ತದೆ. ಬ್ರಿಟನ್ನಿನ ಬಹುಪಾಲು ಜನರಲ್ಲಿ ಇದು ಸುಲಭ, ಅವರು 'ಕಾಂಟ್' ಎಂದು ಆಕಾರ ಎಳೆಯುತ್ತಾರೆ.

ಇದರ ಇನ್ನೊಂದು ಮುಖವೂ ಇದೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ನಾವು 'ಐ ಕ್ಯಾನ್ ಡು ಇಟ್' ಎಂದು ಕ್ಯಾನ್ ಮೇಲೆ ಒತ್ತಿ ಹೇಳಿದಾಗ ಅಮೆರಿಕದವರ ಕಿವಿಗೆ ಅದು 'ಆಗಲ್ಲ' ಎಂದು ಕೇಳಿಸಬಹುದು. ಹೌದು ಅನ್ನುವಾಗ 'ಕನ್' ಎಂದು ಹಗುರ ಮಾಡಿ. ಸಂಶಯ ಬಂದರೆ 'ಯೆಸ್, ಐ ಕನ್ ಡು ಇಟ್' ಎಂದು ಯೆಸ್ ಸೇರಿಸಿ ಹೇಳಿ, ನಾಚಿಕೆ ಬೇಡ.

'ಐಡ್' ಅಂದ್ರೆ 'ಐ ಹ್ಯಾಡ್' ಅಥವಾ 'ಐ ವುಡ್' ಯಾವುದು ಅಂತ ಹೇಗೆ ತಿಳಿಯೋದು?

ಅದರ ಮುಂದಿನ ಪದ ನೋಡಿ. 'ಗಾನ್', 'ಸೀನ್', 'ಈಟನ್' ತರಹದ ಮೂರನೇ ರೂಪ ಬಂದರೆ ಅದು ಹ್ಯಾಡ್. 'ಗೋ', 'ಸೀ', 'ಈಟ್' ತರಹದ ಮೊದಲ ರೂಪ ಬಂದರೆ ಅದು ವುಡ್. ಇದಕ್ಕೆ ಒಂದು ವಿನಾಯಿತಿ ತಪ್ಪದೆ ಬರುತ್ತದೆ, 'ಐಡ್ ಬೆಟರ್ ಗೋ'. ಅಲ್ಲಿ ಗೋ ಇದ್ದರೂ ಅದು 'ಹ್ಯಾಡ್ ಬೆಟರ್', ಹೊರಡುವುದು ಒಳ್ಳೆಯದು ಎಂಬ ಅರ್ಥ. 'ಐಡ್ ರಾದರ್' ಬಂದರೆ ವುಡ್. 'ಪುಟ್', 'ಕಟ್' ತರಹದ ಕ್ರಿಯಾಪದಗಳಿಗೆ ಎಲ್ಲಾ ರೂಪವೂ ಒಂದೇ ಆದ್ದರಿಂದ ಅಲ್ಲಿ ಸಂದರ್ಭ ನೋಡಿಯೇ ಹೇಳಬೇಕು.

'ಹೀಸ್' ಅಂದ್ರೆ 'ಹಿ ಈಸ್' ತಾನೇ? ಒಂದೊಂದು ಕಡೆ ಅರ್ಥವೇ ಹೊಂದಲ್ಲ.

ಹೊಂದದ ಕಡೆ ಅದು 'ಹಿ ಹ್ಯಾಸ್' ಆಗಿರುತ್ತದೆ. ಮುಂದೆ 'ಬೀನ್' ಅಥವಾ 'ಗಾಟ್' ಕಂಡರೆ ಖಚಿತವಾಗಿ ಹ್ಯಾಸ್. 'ಇಂಗ್' ಕೊನೆಯ ಪದ, ಹೆಸರು, ಗುಣ ಹೇಳುವ ಪದ ಬಂದರೆ ಈಸ್. 'ಹೀಸ್ ಗಾನ್' ಎಂಬುದು ಎರಡೂ ಆಗಬಹುದು, ಅವನು ಹೋಗಿದ್ದಾನೆ ಅಥವಾ ಅವನು ಈಗ ಇಲ್ಲಿ ಇಲ್ಲ. ವ್ಯತ್ಯಾಸ ಅಷ್ಟು ಸಣ್ಣದು, ಮಾತಾಡುವವರೂ ಅದನ್ನು ಯೋಚಿಸುವುದಿಲ್ಲ.

ಎಲ್ಲದಕ್ಕೂ 'ಇಸಂಟ್ ಇಟ್' ಅಂತ ಸೇರಿಸ್ತೀನಿ. ಫ್ರೆಂಡ್ ನಗ್ತಾನೆ. ಯಾಕೆ?

ನಿಮ್ಮ ಬಾಯಲ್ಲಿ ಬರುತ್ತಿರುವುದು ಕನ್ನಡದ 'ಅಲ್ವಾ'. ನೀನು ಬರ್ತೀಯ ಅಲ್ವಾ, ಅವಳು ಹೋದಳು ಅಲ್ವಾ, ಮಳೆ ಬಂತು ಅಲ್ವಾ, ಎಲ್ಲಕ್ಕೂ ಒಂದೇ ಸಾಕು. ಇಂಗ್ಲಿಷಿನಲ್ಲಿ ಬಾಲ ವಾಕ್ಯಕ್ಕೆ ತಕ್ಕಂತೆ ಬದಲಾಗುತ್ತದೆ. ವಾಕ್ಯದ ಸಹಾಯಕ ಕ್ರಿಯಾಪದವನ್ನು (ಆರ್, ಕ್ಯಾನ್ ತರಹದ್ದು) ಎತ್ತಿಕೊಳ್ಳಿ, 'ನಾಟ್' ಸೇರಿಸಿ ಕುಗ್ಗಿಸಿ, ಕರ್ತೃವನ್ನು ಕೊನೆಗೆ ಇಡಿ. 'ಯು ಆರ್ ಕಮಿಂಗ್, ಆರಂಟ್ ಯು?' 'ಶಿ ಕ್ಯಾನ್ ಸ್ವಿಮ್, ಕಾಂಟ್ ಶಿ?' ಸಹಾಯಕವೇ ಇಲ್ಲದಿದ್ದರೆ ಡು, ಡಸ್, ಡಿಡ್ ತರಬೇಕು: 'ಶಿ ಲಿವ್ಸ್ ಇನ್ ಹಾಸನ್, ಡಸಂಟ್ ಶಿ?' ವಾಕ್ಯದಲ್ಲೇ 'ಇಲ್ಲ' ಎಂಬ ಅರ್ಥ ಇದ್ದರೆ ಬಾಲದಲ್ಲಿ ನಾಟ್ ಬೇಡ: 'ಯು ಡಿಡಂಟ್ ಈಟ್, ಡಿಡ್ ಯು?'

ನಗುವ ಫ್ರೆಂಡ್‌ಗೆ ಒಂದು ಮಾತು ಹೇಳಿ. ಲಂಡನ್ನಿನಲ್ಲೂ 'ಇಸಂಟ್ ಇಟ್' ಸವೆದು ಆದ 'ಇನಿಟ್' ಎಂದು ಎಲ್ಲಾ ವಾಕ್ಯಕ್ಕೂ ಅಂಟಿಸುವವರು ಬೇಕಾದಷ್ಟು ಜನ ಇದ್ದಾರೆ. ಭಾರತದ ಒಳಗೆ ನಿಮ್ಮ ಮಾತು ಯಾರಿಗೂ ಅರ್ಥವಾಗದೆ ಇರುವುದಿಲ್ಲ. ಪರೀಕ್ಷೆಯಲ್ಲಿ ಮಾತ್ರ ಅಂಕ ಹೋಗುತ್ತದೆ. ಮಾತಿನಲ್ಲಿ ಬೇಗ ಹೊಳೆಯದಿದ್ದರೆ 'ರೈಟ್?' ಎಂದು ಕೇಳಿಬಿಡಿ, ಅದು ಎಲ್ಲಾ ಕಡೆ ನಡೆಯುತ್ತದೆ.

'ಆರ್ ಯು ಫ್ರಮ್ ಮೈಸೂರು?' ಅಂದ್ರೆ 'ಯೆಸ್, ಐಮ್' ಅನ್ನಬಹುದಾ?

ಇಲ್ಲ, 'ಯೆಸ್, ಐ ಆ್ಯಮ್' ಅನ್ನಬೇಕು. ಚಿಕ್ಕ ರೂಪದ ಮೇಲೆ ಒತ್ತು ಬೀಳುವಂತಿಲ್ಲ, ಅದಕ್ಕೆ ಮುಂದೆ ಆತುಕೊಳ್ಳಲು ಏನಾದರೂ ಬೇಕು. ಇಲ್ಲಿ ಮುಂದೆ ಏನೂ ಇಲ್ಲ. 'ಐ ಡೋಂಟ್ ನೋ ವೇರ್ ಹಿ ಈಸ್' ಎಂಬಲ್ಲೂ ಕೊನೆಯದನ್ನು 'ಹೀಸ್' ಮಾಡಬಾರದು. ಎನ್, ಟಿ ಬಾಲಕ್ಕೆ ಈ ತಡೆ ಇಲ್ಲ, 'ನೋ, ಐ ಡೋಂಟ್', 'ನೋ, ಶಿ ಇಸಂಟ್' ಎಂದು ಆರಾಮಾಗಿ ನಿಲ್ಲಿಸಬಹುದು.

'ಮಸಂಟ್' ಅಂದ್ರೆ 'ಮಾಡಬೇಕಾಗಿಲ್ಲ' ಅಂತ ತಾನೇ?

ಅಲ್ಲ, 'ಮಾಡಬಾರದು'. ಇದು ಅರ್ಥವನ್ನೇ ತಿರುಗಿಸುವ ತಪ್ಪು, ದಯವಿಟ್ಟು ಗಮನ ಕೊಡಿ. 'ಮಸ್ಟ್' ಅಂದರೆ ಮಾಡಬೇಕು, ಅದಕ್ಕೆ ಇಲ್ಲ ಸೇರಿಸಿದರೆ ಮಾಡಬೇಕಾಗಿಲ್ಲ ಎಂದು ಲೆಕ್ಕ ಹಾಕುತ್ತೇವೆ. ಇಂಗ್ಲಿಷಿನ ಲೆಕ್ಕ ಬೇರೆ. 'ಯು ಮಸಂಟ್ ಟೇಕ್ ದಿಸ್ ಟ್ಯಾಬ್ಲೆಟ್' ಅಂದರೆ ಈ ಮಾತ್ರೆ ತೆಗೆದುಕೊಳ್ಳಲೇಬಾರದು. ತೆಗೆದುಕೊಳ್ಳಬೇಕಾಗಿಲ್ಲ ಅನ್ನಲು 'ಯು ಡೋಂಟ್ ಹ್ಯಾವ್ ಟು' ಅಥವಾ 'ಯು ನೀಡಂಟ್' ಬೇಕು. ಇನ್ನೊಂದು ಸಣ್ಣ ವಿಷಯ, ಮಸಂಟ್ ನಡುವಿನ ಟಿ ಬರೆಯುವಾಗ ಇರುತ್ತದೆ, ಉಚ್ಚಾರಣೆಯಲ್ಲಿ ಇರುವುದಿಲ್ಲ.

'ಐವ್ ಎ ಕಾರ್', 'ಐವ್ ಟು ಗೋ' ಅನ್ನೋದು ಸರೀನಾ?

'ಹ್ಯಾವ್' ಸಹಾಯಕವಾಗಿ ಬಂದಾಗ ಕುಗ್ಗಿಸುವುದು ಸಲೀಸು: 'ಐವ್ ಸೀನ್ ಇಟ್'. ನನ್ನ ಹತ್ತಿರ ಇದೆ ಎಂಬ ಅರ್ಥದ ಮುಖ್ಯ ಕ್ರಿಯಾಪದವಾದಾಗ ಅಮೆರಿಕದಲ್ಲಿ ಕುಗ್ಗಿಸುವುದಿಲ್ಲ, ಬ್ರಿಟನ್ನಿನಲ್ಲೂ ಅದು ಸ್ವಲ್ಪ ಹಳೆಯ ಶೈಲಿ. 'ಐ ಹ್ಯಾವ್ ಎ ಕಾರ್' ಅಥವಾ 'ಐವ್ ಗಾಟ್ ಎ ಕಾರ್' ಅನ್ನಿ. ನಮ್ಮ ಆಫೀಸುಗಳಲ್ಲಿ ದಿನಾ ಕೇಳುವ 'ಐವ್ ಟು ಗೋ' ಕೂಡ ಹಾಗೇ, 'ಐ ಹ್ಯಾವ್ ಟು ಗೋ' ಅಥವಾ 'ಐವ್ ಗಾಟ್ ಟು ಗೋ' ಸಹಜ.

'ಗೊನ್ನಾ', 'ವಾನ್ನಾ' ಕೂಡ ಕಾಂಟ್ರಾಕ್ಷನ್ನೇನಾ? ಬರೆಯಬಹುದಾ?

ಅವು 'ಗೋಯಿಂಗ್ ಟು', 'ವಾಂಟ್ ಟು' ಎಂಬುವುಗಳ ಮಾತಿನ ಉಚ್ಚಾರಣೆಯನ್ನು ಹಾಗೇ ಬರೆದಿಟ್ಟ ರೂಪಗಳು, ಅವಕ್ಕೆ ಅಪಾಸ್ಟ್ರಫಿ ಇಲ್ಲ. ಕೇಳಿದರೆ ಗೊತ್ತಾಗಬೇಕು, ಗೆಳೆಯರಿಗೆ ಮೆಸೇಜ್‌ನಲ್ಲಿ ಬರೆದರೆ ಸರಿ, ಅಷ್ಟಕ್ಕೇ ನಿಲ್ಲಿಸಿ. 'ಗೊನ್ನಾ' ಬರುವುದು ಮುಂದೆ ಕ್ರಿಯಾಪದ ಇದ್ದಾಗ ಮಾತ್ರ. 'ಐಮ್ ಗೊನ್ನಾ ಈಟ್' ಸರಿ, 'ಐಮ್ ಗೊನ್ನಾ ಮೈಸೂರು' ತಪ್ಪು.

## ಬರೆಯುವಾಗ

ಕೆಲಸದ ಅರ್ಜಿ, ಆಫೀಸ್ ಇಮೇಲ್‌ನಲ್ಲಿ ಬಳಸಬಹುದಾ?

ಕೋರ್ಟಿನ ಕಾಗದ, ಒಪ್ಪಂದ, ಸಂಶೋಧನಾ ಪ್ರಬಂಧ, ಸರ್ಕಾರಿ ಅರ್ಜಿ, ಕೆಲಸಕ್ಕೆ ಬರೆಯುವ ಕವರ್ ಲೆಟರ್, ಇವುಗಳಲ್ಲಿ ಬೇಡ. ಜೊತೆಯಲ್ಲಿ ಕೆಲಸ ಮಾಡುವವರಿಗೆ ದಿನಾ ಬರೆಯುವ ಇಮೇಲ್‌ನಲ್ಲಿ ಬಳಸಿ, ಬಳಸದಿದ್ದರೆ ಒರಟಾಗಿ ಕೇಳುತ್ತದೆ. 'ಐ ವಿಲ್ ನಾಟ್ ಅಟೆಂಡ್ ದಿ ಮೀಟಿಂಗ್' ಓದಿದ ಮ್ಯಾನೇಜರ್‌ಗೆ ಏನೋ ಮನಸ್ತಾಪ ಇದೆ ಅನ್ನಿಸಬಹುದು, 'ಐ ವೋಂಟ್ ಬಿ ಏಬಲ್ ಟು ಅಟೆಂಡ್' ಎಂದರೆ ಮಾಮೂಲಿ ವಿಷಯ. ಗೊತ್ತಿಲ್ಲದವರಿಗೆ ಮೊದಲ ಸಲ ಬರೆಯುವಾಗ ಪೂರ್ತಿ ರೂಪದಿಂದ ಶುರುಮಾಡಿ, ಅವರ ಉತ್ತರ ಹೇಗಿದೆ ನೋಡಿ ಅದಕ್ಕೆ ಹೊಂದಿಕೊಳ್ಳಿ. ಎಚ್ಚರಿಕೆಯ ಮಾತುಗಳಲ್ಲಿ ಮಾತ್ರ ನಾನು ಎಲ್ಲಿದ್ದರೂ ಪೂರ್ತಿ ರೂಪವನ್ನೇ ಆರಿಸುತ್ತೇನೆ. 'ಡು ನಾಟ್ ಟಚ್' ಎಂಬುದರಲ್ಲಿ 'ನಾಟ್' ದೊಡ್ಡದಾಗಿ ಕಾಣಲೇಬೇಕು.

ಪರೀಕ್ಷೆಯಲ್ಲಿ 'ಡೋಂಟ್' ಒಂದು ಪದನಾ, ಎರಡು ಪದನಾ?

ಕಂಪ್ಯೂಟರ್ ಅದನ್ನು ಒಂದೇ ಪದ ಎಂದು ಎಣಿಸುತ್ತದೆ. ಆದರೆ ಕೇಂಬ್ರಿಡ್ಜ್‌ನ ಬಿ2 ಫಸ್ಟ್ ತರಹದ ಪರೀಕ್ಷೆಯಲ್ಲಿ ಕೊಟ್ಟ ಪದದಿಂದ ವಾಕ್ಯ ತಿರುಗಿಸಿ ಬರೆಯುವ ಪ್ರಶ್ನೆ ಇರುತ್ತದಲ್ಲ, ಅಲ್ಲಿ ಚಿಕ್ಕ ರೂಪ ಎರಡು ಪದವಾಗಿ ಲೆಕ್ಕಕ್ಕೆ ಬರುತ್ತದೆ. 'ಕಾಂಟ್' ಮಾತ್ರ ಒಂದು, ಏಕೆಂದರೆ ಅದರ ಪೂರ್ತಿ ರೂಪ 'ಕೆನಾಟ್' ಕೂಡ ಒಂದೇ ಪದ. ಐಇಎಲ್‌ಟಿಎಸ್‌ನ ಪ್ರಬಂಧದಲ್ಲಿ ಚಿಕ್ಕ ರೂಪ ಬರೆಯದಿರುವುದೇ ಕ್ಷೇಮ, ಮಾತಿನ ಪರೀಕ್ಷೆಯಲ್ಲಿ ಮಾತ್ರ ಧಾರಾಳವಾಗಿ ಬಳಸಿ.

'ವುಡ್ ಆಫ್', 'ಶುಡ್ ಆಫ್' ಅಂತ ಇಂಗ್ಲಿಷ್‌ನವರೇ ಬರೀತಾರಲ್ಲ?

ಬರೆಯುತ್ತಾರೆ, ಆದರೂ ತಪ್ಪು. 'ವುಡ್ ಹ್ಯಾವ್' ಕುಗ್ಗಿ 'ವುಡವ್' ಆದಾಗ ಅದರ ಬಾಲ ಮತ್ತು ಓ, ಎಫ್ ಎಂದು ಬರೆಯುವ 'ಆಫ್' ಎಂಬುದರ ಹಗುರ ಉಚ್ಚಾರಣೆ ಒಂದೇ ಆಗುತ್ತದೆ. ಕಿವಿಯಿಂದ ಭಾಷೆ ಕಲಿತವರು ಹಾಗಾಗಿ ಆಫ್ ಎಂದು ಬರೆದುಬಿಡುತ್ತಾರೆ. ಪುಸ್ತಕದಿಂದ ಕಲಿತ ನಮಗೆ ಈ ತಪ್ಪು ಅಷ್ಟಾಗಿ ಬರುವುದಿಲ್ಲ.

## ಇನ್ನೂ ಆಳದ ಪ್ರಶ್ನೆಗಳು

'ವಿಲ್ ನಾಟ್' ಹೋಗಿ 'ವಿಲಂಟ್' ಆಗಬೇಕಿತ್ತು. 'ವೋಂಟ್' ಯಾಕೆ?

ಹಳೆಯ ಇಂಗ್ಲಿಷಿನಲ್ಲಿ 'ವಿಲ್' ಜೊತೆಗೆ 'ವೋಲ್' ಎಂಬ ರೂಪವೂ ಇತ್ತು. ಕೆಲವರು ಹೀಗೆ, ಕೆಲವರು ಹಾಗೆ ಅನ್ನುತ್ತಿದ್ದರು. ಒಂಟಿಯಾಗಿ ಬಂದಾಗ 'ವಿಲ್' ಗೆದ್ದಿತು, 'ನಾಟ್' ಜೊತೆ ಬೆರೆತಾಗ ಮಾತ್ರ 'ವೋಲ್' ಉಳಿದುಕೊಂಡಿತು. 'ಶಾಂಟ್' ಎಂಬುದು 'ಶಾಲ್ ನಾಟ್', ಅದರಲ್ಲಿ ಎಲ್ ಅಕ್ಷರಗಳೂ ಬಿದ್ದಿವೆ, ನಾಟ್‌ನ ಓ ಕೂಡ ಬಿದ್ದಿದೆ. ಎರಡು ಕಡೆ ಬಿದ್ದ ಮೇಲೆ ಎರಡು ಅಪಾಸ್ಟ್ರಫಿ ಬೇಕು ಎಂಬ ಹಠದಿಂದ 'ಆಲಿಸ್ ಇನ್ ವಂಡರ್ಲ್ಯಾಂಡ್' ಬರೆದ ಲೂಯಿಸ್ ಕ್ಯಾರಲ್ ಹಾಗೆಯೇ ಬರೆಯುತ್ತಿದ್ದರು. ಉಳಿದವರು ಒಪ್ಪಲಿಲ್ಲ.

'ಏಂಟ್' ಅಂದ್ರೆ ಕೆಟ್ಟ ಇಂಗ್ಲಿಷ್ ಅಂತಾರೆ. ಹೌದಾ? ಮತ್ತೆ 'ಆರಂಟ್ ಐ' ಅನ್ನೋದು ವಿಚಿತ್ರ ಅಲ್ವಾ?

ಎರಡೂ ಒಂದೇ ಬೇರಿನವು. 'ಆ್ಯಮ್ ನಾಟ್' ಕುಗ್ಗಿದರೆ 'ಆ್ಯಮಂಟ್' ಆಗಬೇಕು. ಸ್ಕಾಟ್ಲೆಂಡ್, ಐರ್ಲೆಂಡ್‌ಗಳಲ್ಲಿ ಹಾಗೆ ಅನ್ನುವವರು ಇವತ್ತಿಗೂ ಇದ್ದಾರೆ. ಬೇರೆ ಕಡೆ ಅದು ಇನ್ನಷ್ಟು ಸವೆದು, ಒಂದು ದಾರಿಯಲ್ಲಿ 'ಏಂಟ್' ಆಯಿತು, ಇನ್ನೊಂದು ದಾರಿಯಲ್ಲಿ 'ಆಂಟ್' ಎಂಬ ಎಳೆದ ಉಚ್ಚಾರಣೆ ಪಡೆಯಿತು. ರಕಾರ ಉಚ್ಚರಿಸದ ಇಂಗ್ಲೆಂಡಿನವರ ಬಾಯಲ್ಲಿ ಅದು 'ಆರಂಟ್' ತರಹವೇ ಕೇಳುವುದರಿಂದ ಹಾಗೇ ಬರೆಯತೊಡಗಿದರು. 18ನೇ ಶತಮಾನದಲ್ಲಿ ಏಂಟ್ ಹುಟ್ಟಿದಾಗ ದೊಡ್ಡ ಮನೆತನದವರೂ ಅದನ್ನು ಬಳಸುತ್ತಿದ್ದರು, ಕೀಳು ಎಂಬ ಹಣೆಪಟ್ಟಿ ಆಮೇಲೆ ವ್ಯಾಕರಣದ ಪುಸ್ತಕಗಳು ಹಚ್ಚಿದ್ದು. ಹಾಗಾಗಿ ಕೆಟ್ಟದ್ದು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆದರೆ ಕಲಿಯುವವರು ಸಂದರ್ಶನದಲ್ಲಿ, ಪರೀಕ್ಷೆಯಲ್ಲಿ ಅದನ್ನು ಬಳಸಬೇಡಿ, ಕೇಳುವವರಿಗೆ ಈ ಇತಿಹಾಸ ಗೊತ್ತಿರುವುದಿಲ್ಲ.

ಇದೆಲ್ಲ ಈಗಿನ ಮೊಬೈಲ್ ಕಾಲದ ಸೋಮಾರಿತನ ಅಲ್ವಾ?

ಖಂಡಿತ ಅಲ್ಲ. 1710ರಲ್ಲೇ ಲೇಖಕ ಜೊನಾಥನ್ ಸ್ವಿಫ್ಟ್ 'ದಿ ಟ್ಯಾಟ್ಲರ್' ಪತ್ರಿಕೆಯಲ್ಲಿ ಕಾಂಟ್, ಶಾಂಟ್ ತರಹದ ರೂಪಗಳು ಭಾಷೆಯನ್ನು ಹಾಳುಮಾಡುತ್ತಿವೆ ಎಂದು ದೂರಿದ್ದರು. ಆಗಲೇ ಅವು ಅಷ್ಟು ಹರಡಿದ್ದವು. ಶೇಕ್ಸ್‌ಪಿಯರ್ ಕಾಲದಲ್ಲಿ 'ಇಟ್ ಈಸ್' ಕುಗ್ಗಿದರೆ ಸಾಮಾನ್ಯವಾಗಿ 'ಟಿಸ್' ಆಗುತ್ತಿತ್ತು, ಇಂದಿನ 'ಇಟ್ಸ್' ಆಮೇಲೆ ಅದರ ಜಾಗ ಹಿಡಿದದ್ದು. ನಾಟಕಕಾರ ಬರ್ನಾರ್ಡ್ ಷಾ ಮಾತ್ರ ಬೇರೆ ದಿಕ್ಕಿನಲ್ಲಿ ಹೋದರು. ರೂಪಗಳು ಇರಲಿ, ಅಪಾಸ್ಟ್ರಫಿ ಯಾಕೆ ಎಂದು ಡೋಂಟ್, ವೋಂಟ್‌ಗಳನ್ನೆಲ್ಲ ಅದಿಲ್ಲದೆ ಅಚ್ಚು ಹಾಕಿಸಿದರು. 'ಹಿ ವಿಲ್' ತರಹ ಬೇರೆ ಪದದ ಜೊತೆ ಗೊಂದಲ ಆಗುವ ಕಡೆ ಮಾತ್ರ ಅವರೂ ಇಟ್ಟುಕೊಂಡರು.

'ಇಸಂಟ್ ಹಿ ಕಮಿಂಗ್?' ಅನ್ನೋದನ್ನ ಬಿಡಿಸಿದ್ರೆ 'ಈಸ್ ನಾಟ್ ಹಿ ಕಮಿಂಗ್' ಅಂತ ಆಗುತ್ತೆ. ಅದು ತಪ್ಪು ಅಂತಾರೆ, ಯಾಕೆ?

ಇದು ಎಲ್ಲಕ್ಕಿಂತ ಸ್ವಾರಸ್ಯದ ಪ್ರಶ್ನೆ. ಬಿಡಿಸಿದಾಗ ನಾಟ್ ಜಾಗ ಬದಲಿಸಬೇಕು: 'ಈಸ್ ಹಿ ನಾಟ್ ಕಮಿಂಗ್?' ಎಂಬುದು ಸರಿ. ಬರೀ ಎರಡು ಪದ ಕುಗ್ಗಿ ಒಂದಾಗಿದ್ದರೆ ಬಿಡಿಸಿದಾಗಲೂ ಅದೇ ಜಾಗದಲ್ಲಿ ಇರಬೇಕಿತ್ತಲ್ಲ? ಇಂತಹ ಕಾರಣಗಳನ್ನು ಕೂಡಿಸಿ 1983ರಲ್ಲಿ ಆರ್ನಲ್ಡ್ ಜ್ವಿಕಿ ಮತ್ತು ಜೆಫ್ರಿ ಪುಲಮ್ ಎಂಬ ಭಾಷಾಶಾಸ್ತ್ರಜ್ಞರು ಒಂದು ವಾದ ಮುಂದಿಟ್ಟರು. ಎನ್, ಟಿ ಬಾಲವು ಕುಗ್ಗಿದ ಪದ ಅಲ್ಲ, ಅದು ಈಗ ಕ್ರಿಯಾಪದಕ್ಕೆ ಹತ್ತುವ ಪ್ರತ್ಯಯ ಎಂದರು. ಉಳಿದ ಬಾಲಗಳಲ್ಲಿ ಎಸ್ ತರಹದವು ಯಾವ ಪದದ ಹಿಂದೆ ಬೇಕಾದರೂ ಅಂಟುತ್ತವೆ, 'ದಿ ಡಾಗ್ಸ್ ಬಾರ್ಕಿಂಗ್' ಎಂದು ನಾಯಿಗೂ ಅಂಟುತ್ತವೆ. ಎನ್, ಟಿ ಮಾತ್ರ ಸಹಾಯಕ ಕ್ರಿಯಾಪದಗಳನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ವೋಂಟ್, ಶಾಂಟ್ ಎಂದು ಮೂಲ ಪದದ ಆಕಾರವನ್ನೇ ಬದಲಿಸುತ್ತದೆ. 'ಮೇ' ತರಹದ ಕೆಲವಕ್ಕೆ ಅಂಟುವುದೇ ಇಲ್ಲ ಅನ್ನಬಹುದು. ಪ್ರತ್ಯಯಗಳ ನಡತೆ ಇರುವುದೇ ಹೀಗೆ.

ಕನ್ನಡದವರಿಗೆ ಈ ವಾದ ಒಪ್ಪುವುದು ಕಷ್ಟವಲ್ಲ. 'ಒಲ್ಲೆ', 'ಅರಿಯೆ', 'ಬಾರದು' ಎಂಬ ನಮ್ಮ ರೂಪಗಳಲ್ಲಿ ಇಲ್ಲ ಅನ್ನುವುದು ಬೇರೆ ಪದವಾಗಿ ನಿಂತಿಲ್ಲ, ಕ್ರಿಯಾಪದದ ಒಳಗೇ ಇದೆ. 'ಡೋಂಟ್', 'ಇಸಂಟ್'ಗಳನ್ನೂ ಹಾಗೆ ಒಂದೇ ಪದವಾಗಿ ನೋಡಿದರೆ ಪ್ರಶ್ನೆ ಮಾಡುವಾಗ ಅದು ಇಡಿಯಾಗಿ ಮುಂದೆ ಬರುವುದು ಏಕೆಂದು ತಿಳಿಯುತ್ತದೆ.

'ಶುಡಂಟವ್' ಅಂತ ಎರಡು ಬಾಲ ಸೇರಿಸಬಹುದಾ?

ಮಾತಿನಲ್ಲಿ ದಿನಾ ಸೇರಿಸುತ್ತಾರೆ. 'ಶುಡ್ ನಾಟ್ ಹ್ಯಾವ್' ಎಂಬ ಮೂರು ಪದಗಳು 'ಶುಡಂಟವ್' ಆಗುತ್ತವೆ, ಕೇಳಿದಾಗ ಗುರುತಿಸಬೇಕು. ಬರೆಯುವಾಗ 'ಶುಡಂಟ್ ಹ್ಯಾವ್' ಎಂದು ಒಂದನ್ನೇ ಕುಗ್ಗಿಸಿ. 'ಹಿ ಈಸ್ ನಾಟ್' ಎಂಬಲ್ಲಿ ಮಾತಿನಲ್ಲೂ ಎರಡನ್ನೂ ಒಟ್ಟಿಗೆ ಕುಗ್ಗಿಸಲು ಬರುವುದಿಲ್ಲ, 'ಹೀಸ್ ನಾಟ್' ಅಥವಾ 'ಹಿ ಇಸಂಟ್' ಎರಡರಲ್ಲಿ ಒಂದನ್ನು ಆರಿಸಬೇಕು. ಎರಡರ ಅರ್ಥವೂ ಒಂದೇ. 'ಹೀಸ್ ನಾಟ್' ಎಂಬುದರಲ್ಲಿ 'ನಾಟ್' ಪೂರ್ತಿ ಉಳಿಯುವುದರಿಂದ ಅದರ ಮೇಲೆ ಒತ್ತು ಕೊಡಲು ಅನುಕೂಲ. ಫೋನ್‌ನಲ್ಲಿ ಮಾತಾಡುವಾಗ ಅದನ್ನೇ ಬಳಸಿ, ಎದುರಿನವರಿಗೆ 'ಇಲ್ಲ' ಅನ್ನುವುದು ತಪ್ಪದೆ ಕೇಳಿಸುತ್ತದೆ.